ಭಾವನ ಐದೆಳೆ ಹೊಲಿಗೆ

ನಮ್ಮ ಭಾವನಷ್ಟು ಶ್ರದ್ಧೆಯಿಂದ ಕೆಟ್ಟದ್ದನ್ನು ಎದುರು ನೋಡುವ ಮನುಷ್ಯ ಇಡೀ ಶಿಡ್ಲಘಟ್ಟದಲ್ಲಿ ಇನ್ನೊಬ್ಬರಿರಲಿಲ್ಲ ಅಂತ ಹೇಳಿದರೆ, ಇವಳಿಗೆ ಅಕ್ಕನ ಗಂಡನ ಮೇಲೆ ಏನೋ ಹಳೇ ಸಿಟ್ಟಿರಬೇಕು ಅಂತ ನೀವು ಅಂದುಕೊಳ್ಳಬಹುದು. ಸಿಟ್ಟೇನೂ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಹೊಸ ಕೊಡೆ ಕೊಂಡರೆ, ಅದು ಮುಂದೆ ಎಲ್ಲಿ ಹರಿಯುತ್ತೆ ಅಂತ ಅಂಗಡಿಯಲ್ಲೇ ಬೆರಳಿಟ್ಟು ತೋರಿಸುತ್ತಿದ್ದರು. ಹೆರಿಗೆಯಾದ ಮನೆಗೆ ಮಗು ನೋಡಲು ಹೋದರೆ ಅದರ ಎದೆಗೆ ಕಿವಿಯಿಟ್ಟು, "ಕಫ ಇದೆ," ಅನ್ನುತ್ತಿದ್ದರು. ಕೆಂಚಾರ್ಲಹಳ್ಳಿಯಲ್ಲಿ ಒಂದು ಮದುವೆ. ತಾಳಿ ಕಟ್ಟುವುದಕ್ಕೆ ಇನ್ನೂ ಹೊತ್ತಿದೆ, ಇವರು ಹುಡುಗಿಯ ತಂದೆಯನ್ನು ಪಕ್ಕಕ್ಕೆ ಕರೆದು, "ಸಾರು ಸಾಲಲ್ಲ. ಈಗಲೇ ನೀರು ಕಾಯಿಸಿ ಸುರೀರಿ," ಅಂದರು. ಆ ಪುಣ್ಯಾತ್ಮ ಗಾಬರಿಬಿದ್ದು ಸುರಿಸಿಯೂ ಬಿಟ್ಟ. ಮೂರು ಪಂಕ್ತಿ ಎದ್ದಮೇಲೂ ಸಾರು ಮಿಕ್ಕಿತ್ತು, ನಿಜ. ಆದರೆ ಉಂಡವರಲ್ಲಿ ಒಬ್ಬರಿಗೂ ಅದು ಸಾರು ಅಂತ ಗೊತ್ತಾಗಲಿಲ್ಲ.

ಮೈಸೂರು ರಾಜ್ಯಕ್ಕೆ ಹುಬ್ಬಳ್ಳಿ ಧಾರವಾಡ ಬಂದು ಸೇರಿಕೊಂಡ ಹೊಸತು ಅದು. ನಾನು ಚಿಕ್ಕಬಳ್ಳಾಪುರದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಭಾನುವಾರ ಬಂದರೆ ಬಸ್ಸು ಹತ್ತಿ ಅಕ್ಕನ ಮನೆ ಸೇರುತ್ತಿದ್ದೆ. ಸಾಯಂಕಾಲ ವಾಪಸು ಹೊರಟರೆ ಭಾವ ಕಳಿಸಿಕೊಡಲು ಬರುತ್ತಿದ್ದರು. ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರಗಳನ್ನು ನೋಡಿ, "ಅರ್ಧ ದಾರೀಲಿ ಇಳಿಸ್ತಾನೆ ಕಣಮ್ಮ. ಚಪ್ಪಲಿ ಗಟ್ಟಿಯಾಗಿದ್ಯಾ?" ಅಂತ ಕೇಳುವುದು. ಬಸ್ಸು ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಮುಂದಿನ ಭಾನುವಾರ ನಾನು ನೆಟ್ಟಗೆ ನಡೆದುಕೊಂಡು ಬರುವುದನ್ನು ಕಂಡಾಗ ಅವರಿಗೆ ಒಂದಿಷ್ಟು ಬೇಜಾರಾಗುತ್ತಿತ್ತು ಅಂತ ನನ್ನ ಗುಮಾನಿ.

ಇಂಥವರನ್ನು ಅಕ್ಕ ಇಪ್ಪತ್ತು ವರ್ಷ ಹೇಗೆ ಸುಧಾರಿಸಿಕೊಂಡು ಹೋದಳು? ನನಗೆ ತೋಚುವ ಕಾರಣ ಒಂದೇ. ಅವಳು ಯಾವಾಗಲೂ ಏನಾದರೂ ಎಣಿಸುತ್ತಿರುತ್ತಿದ್ದಳು, ಅವರ ಮಾತು ಅವಳ ಕಿವಿಗೇ ಬೀಳುತ್ತಿರಲಿಲ್ಲ.

ಆ ಹೊತ್ತಿಗೆ ಎಣಿಸುತ್ತಿದ್ದದ್ದು ಬಟ್ಟೆಯ ಎಳೆಗಳನ್ನು. ಒಂದು ಸಲ ಹೊಟ್ಟೆನೋವಿಗೆ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದಾಗ, ಅಲ್ಲಿದ್ದ ಬಿಳೀ ನರ್ಸಮ್ಮ ಅವಳಿಗೆ ಒಂದು ಚಿತ್ರ ತೋರಿಸಿದ್ದರಂತೆ. ಅವರ ಸೀಮೆಯಲ್ಲಿ ಐನೂರು ಆರುನೂರು ವರ್ಷದ ಹಿಂದೆ ದೊಡ್ಡ ಮನೆತನದ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ರೇಷ್ಮೆ ಚೀಲ. ಅಂಗೈಯಗಲ. ನಮ್ಮ ಎಲೆ ಅಡಿಕೆ ಸಂಚಿಯ ಹಾಗೇ ಬಾಯಿಗೆ ದಾರ, ಎಳೆದರೆ ಮುಚ್ಚಿಕೊಳ್ಳುತ್ತೆ. ಮೈತುಂಬ ಕೆಂಪು, ಹಸಿರು, ಬಿಳಿಯ ಶಂಕರಪೋಳಿ ಆಕಾರಗಳು, ಕೆಳಗಿನ ಬಟ್ಟೆ ಒಂದು ಚುಕ್ಕೆಯೂ ಕಾಣದಷ್ಟು ಒತ್ತಾದ ಹೊಲಿಗೆ. ಅಕ್ಕ ಚಿತ್ರ ನೋಡಿದವಳೇ, "ರೇಷ್ಮೆ ಬೆಳೆಯೋದು ನಾವು, ಚೀಲ ಹಾಕೋದು ಅವರಾ?" ಅಂದಳಂತೆ. ನರ್ಸಮ್ಮ ನಕ್ಕು, ಎಳೆ ಎಣಿಸಲು ಬರುವಂಥ ದಪ್ಪ ಬಟ್ಟೆಯ ತುಂಡೊಂದನ್ನು ಕೊಟ್ಟು, ಹೊಲಿಗೆಯನ್ನೂ ಹೇಳಿಕೊಟ್ಟು ಕಳಿಸಿದರು.

ಹೊಲಿಗೆ ನೋಡಲು ಸುಲಭ. ಸೂಜಿ ನಾಲ್ಕು ಎಳೆ ದಾಟಿ ನೇರ ಮೇಲೆ ಹೋಗಬೇಕು. ಪಕ್ಕದ ಹೊಲಿಗೆಯೂ ನಾಲ್ಕೇ ಎಳೆ, ಆದರೆ ಎರಡು ಎಳೆ ಕೆಳಗಿನಿಂದ ಶುರು. ಗಾರೆಯವರು ಒಂದು ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಇಟ್ಟಿಗೆ ಕೂರಿಸುತ್ತಾರಲ್ಲ, ಹಾಗೆ. ಒಂದು ಕಡೆ ಒಂದೇ ಒಂದು ಎಳೆ ತಪ್ಪಿತೋ, ಅಲ್ಲಿಂದಾಚೆಗೆ ಇಡೀ ಗೋಡೆ ಸೊಟ್ಟ. ಅದಕ್ಕೆ ಬೇಕಾದ ಹುರಿ ಹಾಕದ ರೇಷ್ಮೆಯನ್ನು ಎದುರುಮನೆಯ ಸಾಹೇಬರು ಕೊಟ್ಟರು. ಗೂಡಿನಿಂದ ನೂಲು ತೆಗೆಸುವ ಕೆಲಸ ಅವರದು, ಬಣ್ಣವನ್ನೂ ಅವರೇ ಹಾಕಿಸಿ ತಂದುಕೊಟ್ಟರು.

ಅಕ್ಕ ಎಣಿಸುವುದನ್ನು ನೀವು ಕೇಳಬೇಕಿತ್ತು. ನಮ್ಮ ತವರು ನಗರಗೆರೆ ಕಡೆ, ಮನೆಯಲ್ಲಿ ಅರ್ಧ ಮಾತು ತೆಲುಗು. ಕಣದಲ್ಲಿ ರಾಗಿ ಅಳೆಯುವಾಗ ಮೊದಲನೇ ಸೇರಿಗೆ ಒಂದು ಅನ್ನುವಂತಿಲ್ಲ, ಶುಭವಾಗಲಿ ಅಂತ 'ಲಾಭ' ಅನ್ನಬೇಕು. ಆಮೇಲೆ ಎರಡು ಮೂರು ನಾಲ್ಕಕ್ಕೆ ರೆಂಡು, ಮೂಡು, ನಾಲುಗು. ಅಕ್ಕ ಎಳೆಗಳನ್ನೂ ಹಾಗೇ ಅಳೆದಳು. ನಡುಮನೆಯಲ್ಲಿ ದಿನವಿಡೀ "ಲಾಭ, ರೆಂಡು, ಮೂಡು, ನಾಲುಗು", ದಾರಿಯಲ್ಲಿ ಹೋಗುವವರು ಈ ಮನೆಯಲ್ಲಿ ಎಷ್ಟು ಪಲ್ಲ ರಾಗಿಯಪ್ಪ ಅಂದುಕೊಳ್ಳಬೇಕು! ಒಂದು ಸಲ ಒಳಮಡಿಕೆಗೆ ಹೋಗುವ ಮೂಲೆಯಲ್ಲಿ ಒಂದೆಳೆ ತಪ್ಪಿತು ಅಂತ ಒಂದು ತಿಂಗಳ ಕೆಲಸ ಬಿಚ್ಚಿ ಹಾಕಿದಳು.

"ಅದು ಯಾರಿಗೆ ಕಾಣುತ್ತೆ ಅಕ್ಕ?" ಅಂದೆ.

"ನನಗೆ ಕಾಣುತ್ತಲ್ಲೇ," ಅಂದಳು.

ಭಾವ ದಿನಪತ್ರಿಕೆಯಿಂದ ತಲೆಯೆತ್ತಿ, "ಅದು ಮುಗಿಯೋ ಹೊತ್ತಿಗೆ ನಾವಿಬ್ರೂ ಇರಲ್ಲ," ಅಂದರು.

"ಹಾಗಿದ್ರೆ ಅವಸರ ಏನಿದೆ, ನಿಧಾನಕ್ಕೇ ಹಾಕ್ತೀನಿ ಬಿಡಿ," ಅಂದಳು ಅಕ್ಕ.

ಚೀಲ ಅರ್ಧ ಆಗಿತ್ತು. ಒಂದು ಬೆಳಿಗ್ಗೆ ಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದ ಅಕ್ಕ ಹಾಗೇ ಬಲಗಡೆಗೆ ವಾಲಿದಳು. ಲಕ್ವ. ಬಲಗೈ, ಬಲಗಾಲು ಹೋದವು, ಬಾಯಿ ಎಡಕ್ಕೆ ತಿರುಗಿತು, ಮಾತು ನಿಂತಿತು. ಸುದ್ದಿ ತಿಳಿದು ನಾನು ಓಡಿಬಂದಾಗ ಭಾವ ಬಾಗಿಲಲ್ಲೇ ನಿಂತಿದ್ದರು. ಊರಿನವರಿಗೆಲ್ಲ ಕೇಡು ಕಂಡ ಮನುಷ್ಯ, ಕಚೇರಿಯ ಕಡತದಲ್ಲಿ ತಪ್ಪು ಸಿಕ್ಕವರ ಹಾಗೆ, "ಇದೊಂದು ನನಗೆ ತೋಚಲೇ ಇಲ್ವಲ್ಲಮ್ಮ," ಅಂದರು.

ಡಾಕ್ಟರು ಒಂದೇ ಮಾತು ಹೇಳಿ ಹೋದರು. "ನಾಲಿಗೆ ಪೂರ್ತಿ ಹೋಗಿಲ್ಲ. ಹೇಗಾದರೂ ಮಾಡಿ ಮಾತಾಡಿಸಿ. ಹೀಗೇ ಸುಮ್ಮನೆ ಬಿಟ್ಟರೆ ಮಾತೂ ಬರಲ್ಲ, ಮನುಷ್ಯರೂ ಉಳಿಯಲ್ಲ." ಆದರೆ ಅಕ್ಕನಿಗೇ ಬೇಡವಾಗಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಗಂಜಿ ಕುಡಿಸಲು ಹೋದರೆ ತುಟಿ ಬಿಗಿಹಿಡಿಯುತ್ತಿದ್ದಳು.

ಭಾವ ಅವಳನ್ನು ಮಾತಾಡಿಸಲು ಪಟ್ಟ ಪಾಡು ನೆನೆಸಿಕೊಂಡರೆ ನಗುವುದೋ ಅಳುವುದೋ ತಿಳಿಯುವುದಿಲ್ಲ. ರಜ ಹಾಕಿ ಮಂಚದ ಪಕ್ಕ ಕೂತು ಸುದ್ದಿ ಹೇಳುವರು. ಎಂಥ ಸುದ್ದಿ? ಚಿಂತಾಮಣಿಯಲ್ಲಿ ಯಾರೋ ಬಾವಿಗೆ ಬಿದ್ದದ್ದು, ಗೌರಿಬಿದನೂರಿನಲ್ಲಿ ಯಾರದೋ ಎಮ್ಮೆ ಸತ್ತದ್ದು, ಹಿಂದಿನ ಬೀದಿಯ ಅಜ್ಜಿ ಇನ್ನು ಎರಡು ದಿನವೋ ಮೂರು ದಿನವೋ.

"ಕಾಯಿಲೆಯವರ ಮುಂದೆ ಆಡೋ ಮಾತಾ ಭಾವ ಇವು?" ಅಂತ ನಾನು ರೇಗಿದೆ.

"ಬೇರೆ ಏನಾದ್ರೂ ಗೊತ್ತಿದ್ರೆ ಹೇಳ್ತಿದ್ದೆ ಕಣಮ್ಮ," ಅಂದರು.

ಸಾಹೇಬರು ಮುರುಗಮಲ್ಲದ ದರ್ಗಾಕ್ಕೆ ಹೋಗಿ ಹರಕೆ ಹೊತ್ತು, ಸಕ್ಕರೆ ತಂದು ಅಕ್ಕನ ನಾಲಿಗೆಗೆ ಹಚ್ಚಲು ಕೊಟ್ಟರು. "ಮಾತು ಬರುತ್ತೆ ಗೌಡ್ರೇ, ಫಿಕರ್ ಮಾಡಬೇಡಿ," ಅಂತ ಭಾವನಿಗೆ ಹೇಳಿದರು.

"ಬಂದ್ರೂ ಮೊದಲು ನನ್ನನ್ನೇ ಬೈತಾಳೆ ಸಾಹೇಬರೇ."

"ಬೈಲಿ ಬಿಡಿ, ಬೈಗುಳಾನೂ ಮಾತೇ ಅಲ್ವಾ?"

ಎರಡು ತಿಂಗಳು ಕಳೆಯಿತು. ಒಂದು ದಿನ ಭಾವನಿಗೆ ಏನನ್ನಿಸಿತೋ, ಅಕ್ಕನ ಪೆಟ್ಟಿಗೆಯಿಂದ ಆ ಚೀಲ ತೆಗೆದರು. ಒರಟು ಬೆರಳಿಗೆ ರೇಷ್ಮೆ ಸಿಕ್ಕಿಕೊಂಡು ಜೀವ ತಿಂದಿತು. ಕೊಬ್ಬರಿ ಎಣ್ಣೆ ತಿಕ್ಕಿ, ಕಡ್ಲೆಹಿಟ್ಟಿನಲ್ಲಿ ತೊಳೆದು, ಕೈಯನ್ನು ಮದುವಣಗಿತ್ತಿಯ ಕೈಯಂತೆ ನುಣುಪು ಮಾಡಿಕೊಂಡು ಕೂತರು. ಎಣಿಕೆ ಅವರಿಗೆ ಕೇಳಿ ಕೇಳಿ ಬಾಯಿಪಾಠ. ಆದರೆ ಪೇಟೆಯಲ್ಲಿ ಬೆಳೆದವರು, ಜಮೀನನ್ನು ಬೇರೆಯವರಿಗೆ ವಾರಕ್ಕೆ ಕೊಟ್ಟ ಮನೆತನ, ಕಣದಲ್ಲಿ ಒಂದು ದಿನ ನಿಂತವರಲ್ಲ. ಲಾಭ ಅನ್ನುವುದು ಲೆಕ್ಕಕ್ಕೆ ಮುಂಚೆ ಹೇಳುವ ದೇವರ ಹೆಸರು, ಒಂದನ್ನು ಅವಳು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಾಳೆ ಅಂತಲೇ ಅವರು ಇಷ್ಟು ವರ್ಷವೂ ತಿಳಿದಿದ್ದರು. ಅದಕ್ಕೊಂದು ಎಳೆ ಕಾಣಿಕೆ ಬಿಟ್ಟು, ಆಮೇಲೆ ಒಂದು, ಎರಡು, ಮೂರು, ನಾಲ್ಕು. ಎಲ್ಲ ಹೊಲಿಗೆಯೂ ಐದೆಳೆ! ಅಕ್ಕನ ಅಚ್ಚುಕಟ್ಟಾದ ಗೋಡೆಯ ಪಕ್ಕ ಅವರ ಸಾಲು ಭೂಕಂಪವಾದ ಮನೆಯಂತಿತ್ತು. ಅದನ್ನೇ ಅವಳ ಕಣ್ಣ ಮುಂದೆ ಹಿಡಿದು, "ನೋಡೇ, ಪರವಾಗಿಲ್ವಾ?" ಅಂದರು.

ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಕತ್ತಿನ ನರ ಉಬ್ಬಿತು, ಸೊಟ್ಟ ಬಾಯಿ ಅಲ್ಲಾಡಿತು. "ಬಿ... ಚ್ಚಿ," ಅಂದಳು.

ಭಾವ ಎದ್ದವರು ಚಪ್ಪಲಿಯನ್ನೂ ಮೆಟ್ಟದೆ ಎದುರುಮನೆಗೆ ಹೋಗಿ, "ಬೈದ್ಲು ಸಾಹೇಬರೇ," ಅಂದು, ಅವರ ಜಗಲಿಯ ಮೇಲೆ ಕೂತು ಅತ್ತರಂತೆ.

ಅಲ್ಲಿಂದ ಮುಂದೆ ಇದೇ ದಿನಚರಿ. ಕಚೇರಿಯಿಂದ ಬರುವುದು, ಕೈ ತೊಳೆಯುವುದು, ಒಂದು ಸಾಲು ಹಾಕುವುದು, ತೋರಿಸುವುದು, ಬೈಸಿಕೊಂಡು ಬಿಚ್ಚುವುದು. ಅಕ್ಕನ ಮಾತು ಒಂದೊಂದೇ ಹೆಚ್ಚಿತು. ಮೊದಲು "ಬಿಚ್ಚಿ", ಆಮೇಲೆ "ಲಾಭಾನೇ ಒಂದು", ಆಮೇಲೆ "ನಿಮಗೆ ಕಣ್ಣಿಲ್ವಾ". ದೀಪಾವಳಿ ಹೊತ್ತಿಗೆ ಅವರ ಅಮ್ಮನ ಕಾಲದ ಜಗಳಗಳನ್ನೂ ಎತ್ತಿಕೊಂಡಿದ್ದಳು. ಗಂಜಿ ಹೋಗಿ ಮುದ್ದೆ ಬಂತು. ಚೀಲ ಮಾತ್ರ ಇದ್ದಲ್ಲೇ ಇತ್ತು.

ನನಗೆ ತಡೆಯಲಾಗಲಿಲ್ಲ. ಹಿತ್ತಲಲ್ಲಿ ಸಿಕ್ಕಾಗ, "ಏನು ಭಾವ, ನಾಲ್ಕು ಎಣಿಸೋಕೆ ಇಷ್ಟು ತಿಂಗಳು ಬೇಕಾ? ಅವಳ ಕಣ್ಣ ಮುಂದೆ ಅದು ಮುಗಿಯೋದು ಬೇಡ್ವಾ?" ಅಂತ ತರಾಟೆಗೆ ತೆಗೆದುಕೊಂಡೆ.

ಅವರು ಕೋಟಿನ ಜೇಬಿನಿಂದ ಒಂದು ಗೋಣಿತಟ್ಟಿನ ತುಂಡು ತೆಗೆದು ಕೊಟ್ಟರು. ಅದರ ಮೇಲೆ ಕೆಂಪು, ಹಸಿರು, ಬಿಳಿ ಶಂಕರಪೋಳಿಗಳು, ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಊಟದ ಬಿಡುವಿನಲ್ಲಿ ಕಚೇರಿಯಲ್ಲಿ ಕೂತು ಕಲಿತದ್ದಂತೆ.

"ಮತ್ತೆ ಚೀಲದ ಮೇಲೆ ಐದು ಯಾಕೆ?"

"ನಾಲ್ಕೇ ಹಾಕಿದ್ರೆ ಅವಳು ಏನಂತ ಬೈತಾಳೆ ಹೇಳು," ಅಂದರು.

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕೆನಲ್ಲ ಅಂತ ನನಗೆ ನಾಚಿಕೆಯಾಯಿತು. ನೀರು ಸೇದಿಕೊಂಡು ಒಳಗೆ ಹೋದೆ.

ಆ ಚಳಿಗಾಲ ಅಕ್ಕನಿಗೆ ಜ್ವರ ಬಂತು, ಬಂದದ್ದು ಬಿಡಲಿಲ್ಲ. ನಾನು ಶಾಲೆಗೆ ರಜ ಹಾಕಿ ಅಲ್ಲೇ ಉಳಿದೆ. ಅವಳು ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ, ಭಾವ ಎಂದಿನಂತೆ ಒಂದು ಸಾಲು ಹಾಕಿ ಅವಳ ಮುಂದೆ ಹಿಡಿದರು. ನಾನು ಕಾಲು ಒತ್ತುತ್ತಾ ಕೂತಿದ್ದೆ. ಇಬ್ಬರೂ ಕಾದೆವು.

ಅಕ್ಕ ನೋಡಿ, "ಇರ್ಲಿ ಬಿಡಿ, ಚೆನ್ನಾಗಿದೆ," ಅಂದಳು.

ಭಾವ ಚೀಲವನ್ನು ಅವಳ ಕಣ್ಣಿಗೆ ಇನ್ನೂ ಹತ್ತಿರ ತಂದು, "ಚೆನ್ನಾಗಿಲ್ಲ ಕಣೇ. ಸರಿಯಾಗಿ ನೋಡು, ಐದಾಗಿದೆ," ಅಂದರು.

"ಇರ್ಲಿ."

"ಬಿಚ್ಚಿ ಅನ್ನೇ. ಒಂದೇ ಒಂದು ಸಲ ಬೈಯೇ," ಅಂದರು.

ಅಕ್ಕ ಬೈಯಲಿಲ್ಲ. ಎಡಗೈ ಚಾಚಿ, ಅವರ ಬೆರಳ ಸಂದಿಯಿಂದ ಸೂಜಿಯನ್ನು ಮೆಲ್ಲಗೆ ಬಿಡಿಸಿಕೊಂಡು, "ಹೊತ್ತಾಯ್ತು, ಊಟ ಮಾಡಿ," ಅಂದಳು.