ಶೈಲಾಳ ಲೋಲಕ

ಯರಗುಪ್ಪಿಯಲ್ಲಿ ಆ ದಿನ ಎದ್ದ ಗದ್ದಲಕ್ಕೆಲ್ಲ ಕಾರಣ ಒಂದು ತೆಂಗಿನಕಾಯಿ. ಪಿಯುಸಿ ಎರಡನೇ ವರ್ಷದ ಶೈಲಾ ಅದಕ್ಕೆ ದಾರ ಕಟ್ಟಿ ಹಿತ್ತಲ ಬೇವಿನ ಕೊಂಬೆಗೆ ಇಳಿಬಿಟ್ಟಿದ್ದಳು.

ಬೆಂಗಳೂರಿನ ವಿಜ್ಞಾನ ವಿಶ್ವವಿದ್ಯಾಲಯವೊಂದರ ಲಿಖಿತ ಪರೀಕ್ಷೆಯನ್ನು ಅವಳು ದಾಟಿದ್ದಳು. ಇನ್ನು ಮನೆಯಲ್ಲೇ ಒಂದು ಪ್ರಯೋಗ ಮಾಡಿ, ಎಲ್ಲೂ ಕತ್ತರಿಸದ ವಿಡಿಯೊ ಕಳಿಸಬೇಕಿತ್ತು. ಅಂದು ಸಂಜೆಯೇ ಗಡುವು. ಲೋಲಕಕ್ಕೆ ಕಟ್ಟುವ ಹಿತ್ತಾಳೆ ಗುಂಡು ಕಾಲೇಜಿನ ಬೀರುವಿನಲ್ಲಿತ್ತು. ಬೀರುವಿನ ಕೀಲಿ ರಜೆಯ ಮೇಲೆ ಹೋದ ಮಾಸ್ತರರ ಕಿಸೆಯಲ್ಲಿತ್ತು. ಕೊನೆಗೆ ದೇವರ ಜಗುಲಿಯ ಕಾಯಿಯೇ ಗತಿಯಾಯಿತು. ಅದು ತೂಗುವುದನ್ನು ಎಣಿಸಿ ಭೂಮಿಯ ಗುರುತ್ವ ಲೆಕ್ಕ ಹಾಕುವುದು ಅವಳ ಯೋಜನೆ.

ಮೊಬೈಲನ್ನು ಕಲ್ಲಿಗೆ ಒರಗಿಸಿ ಕಾಯಿ ತೂಗಿಬಿಟ್ಟಳಷ್ಟೇ, ಗೋಡೆಯ ಮೇಲೆ ಬಾಜು ಮನೆಯ ಮೈಲಾರವ್ವನ ಮುಖ ಹುಣ್ಣಿಮೆಯ ಚಂದ್ರನಂತೆ ಮೂಡಿತು.

“ಏನ್ ನೋಡಾಕತ್ತೀಬೇ?”

“ಗುರುತ್ವ ನೋಡಾಕತ್ತೀನ್ರಿ ಅತ್ತಿ.”

“ಗುರವ್ವನ್ನ ಏನ್ ನೋಡೂದು? ನಿಮ್ಮವ್ವ ಒಳಗ ರೊಟ್ಟಿ ಬಡಿಯಾಕತ್ತಾಳಲ್ಲ!” ಎಂದವಳ ಕಣ್ಣು ಕಾಯಿಯ ಮೇಲೆ ಬಿತ್ತು. “ಓಹೋ, ಗೊತ್ತಾತ್ ಬಿಡು. ನೀರ್ ನೋಡಾಕತ್ತಿ!”

ಬೋರು ಕೊರೆಸುವ ಮೊದಲು ಕಾಯಿ ಹಿಡಿದು ನೀರು ನೋಡಿಸುವುದು ಆ ಕಡೆ ಎಲ್ಲರೂ ಕಂಡದ್ದೇ. ಶೈಲಾ ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಮೊದಲು ಓಡಿ ಬಂದವನು ಇನ್ನೊಂದು ಬದಿಯ ಮನೆಯ ರಸೂಲಸಾಬ. ಅವನು ಮರುದಿನಕ್ಕೇ ಬೋರಿನ ಗಾಡಿಗೆ ಹೇಳಿಟ್ಟಿದ್ದ.

“ನೋಡ್ರಿ, ಕಾಯಿ ನಮ್ಮ ಗ್ವಾಡಿ ಕಡೆ ವಾಲಾಕತ್ತೈತಿ. ನೀರು ನಂದ!”

ಶೈಲಾಳ ಅಪ್ಪ ಶಂಕ್ರಪ್ಪ ಹೊಲದಿಂದ ಬಂದವನೇ ತಡೆದ. “ತಿರುಗಿ ನಮ್ಮ ಕಡೆನೂ ಬರತೈತಲ್ಲೋ! ಕಾಯಿ ನಮ್ಮದು, ನೀರೂ ನಮ್ಮದ.”

“ಎಪ್ಪಾ, ಬಿಟ್ಟ ಕಡೆ ತೂಗತೈತದು!” ಎಂದು ಶೈಲಾ ಕೂಗಿದಳು. ಯಾರೂ ಕೇಳಲಿಲ್ಲ.

ಒಬ್ಬರು ತೂಗುವ ಕಾಯಿಯನ್ನು ಹಿಡಿದು ಕುಂಕುಮ ಹಚ್ಚಿದರು. ಇನ್ನೊಬ್ಬರು ದಾರ ಕಪ್ಪಗಿರಬೇಕಿತ್ತು ಎಂದು ಎಳೆದು ನೋಡಿದರು. ಪ್ರತಿಸಲವೂ ಶೈಲಾ ಮತ್ತೆ ಮೊದಲಿನಿಂದ ಶುರುಮಾಡಿದಳು. ಹಿತ್ತಲು ಸಂಶಿಯ ಸಂತೆಯಂತಾಯಿತು. ಬಿಸಿಲು ಇಳಿಯಿತು, ಮೊಬೈಲಿನ ಬ್ಯಾಟರಿ ಕೆಂಪಾಯಿತು. ಕೊನೆಯ ಸಲ ವಿಡಿಯೊ ಒತ್ತಿದವಳು ತಿರುಗಿ ಗುಡುಗಿದಳು.

“ಎಲ್ಲಾರೂ ದೂರ ನಿಂತು ನನ್ನ ಕೂಡ ಎಣಸ್ರಿ! ಯಾರರ ಕಾಯಿ ಮುಟ್ಟಿದ್ರ ನೀರು ಪಾತಾಳಕ್ಕ ಇಳೀತೈತಿ!”

ಹಿತ್ತಲು ಮಠದಂತೆ ಸ್ತಬ್ಧವಾಯಿತು. ಆಮೇಲೆ ಎಲ್ಲರೂ ಮಗ್ಗಿ ಹೇಳುವ ಮಕ್ಕಳಂತೆ ಒಂದೇ ದನಿಯಲ್ಲಿ ಎಣಿಸಿದರು. ಇಪ್ಪತ್ತು ಅನ್ನುವುದಕ್ಕೂ, ಎಳೆದು ಎಳೆದು ನವೆದಿದ್ದ ದಾರ ಹರಿಯುವುದಕ್ಕೂ ಸರಿಹೋಯಿತು. ಕಾಯಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು.

“ನೀರು ಬಂತು!” ಎಂದು ಮೈಲಾರವ್ವ ಕಿರುಚಿದಳು.

ಬೇರೆ ವಿಡಿಯೊ ಮಾಡಲು ಕಾಯಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಶೈಲಾ ಅದನ್ನೇ ಲೆಕ್ಕದ ಜೊತೆ ಕಳಿಸಿದಳು. ಕಳಿಸಿದ ಮೇಲೆ ನೆನಪಾಯಿತು. ಪಾತಾಳದ ಮಾತೂ ಅದರಲ್ಲಿತ್ತಲ್ಲ! ವಿಜ್ಞಾನ ಓದಲು ಹೊರಟವಳ ಬಾಯಲ್ಲಿ ಅಂಥ ಮಾತು ಕೇಳಿದವರು ಸೀಟು ಕೊಡುತ್ತಾರೆಯೆ? ರೊಟ್ಟಿ ಮುಂದಿಟ್ಟುಕೊಂಡು ಅತ್ತಳು.

ಮರುದಿನ ದೀಪ ಹಚ್ಚುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ಶೈಲಾ ಅವರಾ? ನಾನು ವಿಶ್ವವಿದ್ಯಾಲಯದ ಪ್ರೊಫೆಸರು. ಪಾತಾಳ ಅಂತ ಹೇಳಿದ್ದು ಯಾರಮ್ಮ?”

ಅವಳು ಎದ್ದು ನಿಂತಳು. “ನಾನ ರೀ ಸರ್. ಯಾರೂ ಸುಮ್ಮನಾಗಲಿಲ್ರಿ. ತಪ್ಪಾತ್ರಿ.”

“ಸಮಿತಿಯವರು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಲೆಕ್ಕ ಸರಿ ಇದೆ. ಊರನ್ನೇ ಸಾಕ್ಷಿಗೆ ನಿಲ್ಲಿಸಿದವರು ನೀವೊಬ್ಬರೇ. ಮುಂದಿನ ವಾರ ಸಂದರ್ಶನಕ್ಕೆ ಬನ್ನಿ.”

ಶೈಲಾಳ ಎದೆಯ ಮೇಲಿಂದ ಜೋಳದ ಚೀಲ ಇಳಿಸಿದಂತಾಯಿತು. ಗುರವ್ವ ಮಗಳ ಮುಖ ನೋಡಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಂಕ್ರಪ್ಪ ಸಕ್ಕರೆ ಡಬ್ಬಿ ಹುಡುಕಲು ಎದ್ದ.

“ಒಂದ್ನಿಮಿಷ ಇರಿ,” ಎಂದರು ಪ್ರೊಫೆಸರು. ಅತ್ತ ಬಾಗಿಲು ಮುಚ್ಚಿದ ಸದ್ದಾಯಿತು. ದನಿ ಪಿಸುಮಾತಿಗೆ ಇಳಿಯಿತು. “ನಮ್ಮ ಹೊಸ ಸೈಟಲ್ಲಿ ಹಾಕಿಸಿದ ಬೋರೆಲ್ಲ ಫೇಲಾಗಿದೆ. ಬರುವಾಗ ಅಂಥದೇ ಒಂದು ಕಾಯಿ ತರ್ತೀರಾ?”

“ಸರ್… ಅದು ಬರೇ ಲೋಲಕ ರೀ!”

“ಗೊತ್ತಮ್ಮ. ಮೂವತ್ತು ವರ್ಷದಿಂದ ನಾನು ಅದನ್ನೇ ಪಾಠ ಮಾಡ್ತಿದ್ದೀನಿ. ಆದ್ರೂ ಒಂದ್ಸಲ ನೋಡಿಬಿಡೋಣ.”