ತೌಡಿಗೆ ಕೊಂಡ ಕೂಸಿನ ಕಾರ್ಡು

ಆ ಸೋಮವಾರ ಎದ್ದವಳೇ ಅಂಗಳಕ್ಕೆ ನೀರು ಹಾಕಿದೆ. ಬಾಣಂತಿಗೆ ನೀರು ಕಾಯಿಸಿದೆ. ಕೂಸಿಗೆ ಎಣ್ಣೆ ತಿಕ್ಕಿ ಎರೆದೆ, ಲೋಬಾನದ ಹೊಗೆ ಹಾಕಿದೆ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದೆ. ಹದಿನಾಲ್ಕು ರೊಟ್ಟಿ ಬಡಿದೆ. ನಮ್ಮ ಮನೆಯವರ ಕನ್ನಡಕ ಹುಡುಕಿಕೊಟ್ಟೆ. ಅದು ಅವರ ತಲೆಯ ಮೇಲೆಯೇ ಇತ್ತು. ಇಷ್ಟೆಲ್ಲ ಮುಗಿದಾಗ ಗಡಿಯಾರದಲ್ಲಿ ಇನ್ನೂ ಒಂಬತ್ತು. ಉಳಿದದ್ದು ಒಂದೇ ಒಂದು ಸಣ್ಣ ಕೆಲಸ: ಮೊಮ್ಮಗಳಿಗೆ ಆಧಾರ ಕಾರ್ಡು ಮಾಡಿಸುವುದು. ಹನ್ನೊಂದಕ್ಕೆಲ್ಲ ತಿರುಗಿ ಬಂದು ಸಾರು ಮಾಡಿದರಾಯಿತೆಂದು ಬೇಳೆ ನೆನೆಯಲು ಹಾಕಿದೆ.

ಕಾರ್ಡಿನ ಅಪ್ಪಣೆ ಹೊರಟದ್ದು ಚಿಕ್ಕೇರೂರಿನಿಂದ, ನಮ್ಮ ಬೀಗತಿ ತ್ರಿವೇಣಕ್ಕನಿಂದ. ಮಗಳು ಸುಮಾಳ ಅತ್ತೆ ಆಕೆ. ಮನೆಯ ಪ್ರತಿಯೊಂದು ಕಾಗದಕ್ಕೂ ಒಂದು ಪ್ಲಾಸ್ಟಿಕ್ ಫೈಲು, ಪ್ರತಿಯೊಂದು ಫೈಲಿಗೂ ಒಂದು ಚೀಟಿ ಇಟ್ಟವಳು. ಹೆರಿಗೆಗೆಂದು ನಮ್ಮ ಸವಣೂರಿಗೆ ಬಂದಿದ್ದ ಸುಮಾ ಮೂರು ತಿಂಗಳು ತುಂಬಿದ ಮೇಲೆ ಕೂಸಿನೊಂದಿಗೆ ಗಂಡನ ಮನೆಗೆ ಹೊರಡಬೇಕು. ಫೋನಿನಲ್ಲಿ ದಿನ ಗೊತ್ತು ಮಾಡುವಾಗ ತ್ರಿವೇಣಕ್ಕ ಕೊನೆಗೊಂದು ಮಾತು ಸೇರಿಸಿದ್ದಳು.

“ಕೂಸಿನ ಸಂಗಟ ಅದರ ಕಾರ್ಡೂ ಆಗ್ಲಿರಿ. ರೇಶನ್ ಕಾರ್ಡಿನ್ಯಾಗ ಹೆಸರು ಸೇರಸೂದೈತಿ.”

“ಅದೇನ್ ದೊಡ್ಡ ಕೆಲಸರಿ. ನಾ ಇದ್ದೇನಿ ಬಿಡ್ರಿ,” ಎಂದೆ.

ಈ ‘ನಾ ಇದ್ದೇನಿ’ ಎಂಬ ಮಾತಿನಿಂದ ನಮ್ಮ ಮನೆಯಲ್ಲಿ ಹಿಂದೆಯೂ ಅನೇಕ ಅನಾಹುತಗಳು ಶುರುವಾಗಿವೆ. ಆದರೆ ಇದು ಬೀಗರಿಗೆ ಕೊಟ್ಟ ಮಾತು. ತಪ್ಪಿದರೆ ‘ನಿಮ್ಮವ್ವ ಇದ್ದೇನಿ ಅಂದಿದ್ಲಲ್ಲ’ ಎನ್ನುವುದನ್ನು ಸುಮಾ ಎಷ್ಟು ವರ್ಷ ಕೇಳಬೇಕೋ ಯಾರು ಬಲ್ಲರು.

ಹೊರಡುವಾಗ ಸುಮಾ, ಕೂಸಿನ ಜೊತೆಗೆ ಬಾಜೂ ಮನೆಯ ಜೈತೂನಬಿಯನ್ನೂ ಕರೆದುಕೊಂಡೆ. ಮೂವತ್ತು ವರ್ಷಗಳಿಂದ ನನ್ನ ಎಲ್ಲ ಕೆಲಸಗಳಲ್ಲೂ ಅರ್ಧ ಕೈ ಅವಳದು, ಬೈಸಿಕೊಳ್ಳುವುದರಲ್ಲೂ ಅರ್ಧ. ಚೀಲದಲ್ಲಿ ಬಿಸಿನೀರಿನ ಫ್ಲಾಸ್ಕು, ಆರು ಲಂಗೋಟಿ, ಗಿಲಕಿ, ಫೋಟೋದ ಹಿಂದೆ ಹಿಡಿಯಲು ಒಂದು ಬಿಳಿ ಪಂಚೆ. ಜನನ ಪ್ರಮಾಣಪತ್ರವನ್ನು ನಮ್ಮ ಮನೆಯವರು ತಿಂಗಳ ಹಿಂದೆಯೇ ತಂದು ಲ್ಯಾಮಿನೇಶನ್ ಮಾಡಿಸಿ ದೇವರ ಮಾಡದಲ್ಲಿ ಇಟ್ಟಿದ್ದರು. ಅದನ್ನು ಕವರಿನ ಸಮೇತ ಎತ್ತಿಕೊಂಡೆ.

“ಇದರಾಗ ಕೂಸಿನ ಹೆಸರು ಬಂದೈತೇನ್ರಿ?” ಎಂದು ಕೇಳಿದೆ.

“ಬಂದೈತಿ,” ಎಂದರು ಪೇಪರಿನಿಂದ ತಲೆ ಎತ್ತದೆ.

ಹಾಲಿನ ಪಾಕೀಟಿನ ಮೇಲಿನ ತಾರೀಖನ್ನೂ ಎರಡು ಸಲ ಓದುವ ನಾನು ಆ ಕವರನ್ನು ಬಿಚ್ಚಲಿಲ್ಲ.

ಕೇಂದ್ರದಲ್ಲಿ ನಮ್ಮ ನಂಬರು ನಲವತ್ತೊಂದು. ಒಳಗೆ ನಡೆಯುತ್ತಿದ್ದದ್ದು ಒಂಬತ್ತು. ಕುತ್ತಿಗೆಯೇ ನಿಲ್ಲದ ಕೂಸು, ತಾನು ತಾನೇ ಎಂದು ದೇಶಕ್ಕೆ ಸಾಬೀತು ಮಾಡಲು ಸರದಿಯಲ್ಲಿ ಕಾಯಿತು. ನಡುವೆ ಸರ್ವರ್ ಹೋಯಿತು. ಸರ್ವರ್ ಬಂದಾಗ ಕರೆಂಟು ಹೋಯಿತು. ಎರಡೂ ಬಂದಾಗ ಕೂಸಿಗೆ ನಿದ್ದೆ ಬಂದಿತ್ತು.

ಕಂಪ್ಯೂಟರಿನ ಮುಂದೆ ಕುಳಿತವರು ನನ್ನದೇ ವಯಸ್ಸಿನ ಗೃಹಸ್ಥರು. ಬೆಳಗಿನಿಂದ ಒಂದೇ ಸ್ವರದಲ್ಲಿ ಮಾತಾಡಿ ಮಾತಾಡಿ ಅವರ ಧ್ವನಿ ಬಸ್ ನಿಲ್ದಾಣದ ಧ್ವನಿವರ್ಧಕದಂತಾಗಿತ್ತು.

“ಕಣ್ಣು ತಗೀಬೇಕ್ರಿ ಕೂಸು.”

ಗಿಲಕಿ ಆಡಿಸಿದೆ. ಜೈತೂನಬಿ ಪಂಚೆ ಹಿಡಿದುಕೊಂಡೇ ಕೋಳಿ ಕೂಗಿದಂತೆ ಕೂಗಿದಳು. ಸರದಿಯಲ್ಲಿದ್ದ ಇನ್ನಾರು ಕೂಸುಗಳು ಕಣ್ಣು ತೆರೆದವು, ನಮ್ಮದೊಂದು ಬಿಟ್ಟು. ಕೊನೆಗೆ ಸುಮಾ ಅಂಗಾಲು ಕೆರೆದಳು. ಕೂಸು ಕಣ್ಣು ತೆರೆಯಿತು, ಜೊತೆಗೆ ಬಾಯಿಯನ್ನೂ.

“ಬಾಯಿ ಮುಚ್ಚಬೇಕ್ರಿ. ಮತ್ತ ಆ ಗಲ್ಲದ ಮ್ಯಾಲಿನ ಮಚ್ಚಿ ಹುಟ್ಟಿದ್ದೋ, ಹಚ್ಚಿದ್ದೋ?”

“ದೃಷ್ಟಿಬೊಟ್ಟರಿ.”

“ಒರಸ್ರಿ.”

“ಇಷ್ಟ ಮಂದಿ ಮುಂದ ಹೆಂಗ್ ಒರಸೂದ್ರಿ? ಎಲ್ಲಾರೂ ಇದರ ಮಾರೀನ ನೋಡಾಕತ್ತಾರ.”

“ಕ್ಯಾಮರಾಕ್ಕ ದೃಷ್ಟಿ ಇರೂದಿಲ್ಲರಿ ಅವ್ವಾರ.”

ಬಹಳ ಚರ್ಚೆಯಾಗಿ ಒಂದು ಒಪ್ಪಂದಕ್ಕೆ ಬಂದೆವು. ಬೊಟ್ಟನ್ನು ಗಲ್ಲದಿಂದ ಒರೆಸಿ ಅಂಗಾಲಿಗೆ ಹಚ್ಚಿದೆ. ಒರೆಸಿದ ಕೈಯಲ್ಲೇ ಕೂಸಿನ ತಲೆ ಹಿಡಿದೆ. ಮೊದಲ ಫೋಟೋದಲ್ಲಿ ನನ್ನ ಬಳೆ ಬಂತು. ಎರಡನೆಯದರಲ್ಲಿ ಜೈತೂನಬಿಯ ಮೂಗು ಬಂತು. ಐದನೆಯದರಲ್ಲಿ ಕೂಸೂ ಬಂತು.

ಕೂಸಿನ ಪರವಾಗಿ ಒತ್ತಿದ ಸುಮಾಳ ಹೆಬ್ಬೆರಳನ್ನು ಮಷೀನು ಒಪ್ಪಲಿಲ್ಲ. ಬಾಣಂತಿಯ ಎಣ್ಣೆ ಅರಿಸಿನ ಅದರ ರೇಖೆಗಳನ್ನು ತುಂಬಿಬಿಟ್ಟಿತ್ತು. ನನ್ನ ಸೆರಗಿನಲ್ಲಿ ನಾಲ್ಕು ಸಲ ತಿಕ್ಕಿದ ಮೇಲೆ ಒಪ್ಪಿತು. ಅಷ್ಟರಲ್ಲಿ ಕೂಸಿನ ಅಳು ಮುಗಿಲಿಗೆ ಮುಟ್ಟಿತ್ತು. “ನಿಂದು ಮುಗೀತು, ನೀ ಹೊರಗ ಹೋಗಿ ಹಾಲು ಕುಡಸು. ಉಳದದ್ದಕ್ಕ ನಾ ಇದ್ದೇನಿ,” ಎಂದು ಅವಳನ್ನು ಕಳಿಸಿದೆ.

ಗೃಹಸ್ಥರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಪ್ರಮಾಣಪತ್ರದಾಗ ಇದ್ದಂಗ ಹಾಕೇನಿ. ಹೆಸರು ಬರೋಬ್ಬರಿ ಐತೇನ್ ನೋಡ್ರಿ.”

ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮುತ್ತು ಪೋಣಿಸಿದಂತೆ ಬರೆದಿತ್ತು: ತೌಡವ್ವ.

ನಾನು ಜೈತೂನಬಿಯ ಮುಖ ನೋಡಿದೆ. ಜೈತೂನಬಿ ಪಂಚೆ ಮಡಚತೊಡಗಿದಳು.

ಇಲ್ಲೊಂದು ತಪ್ಪೊಪ್ಪಿಗೆ ಮಾಡಲೇಬೇಕು. ಸುಮಾಳ ಮೊದಲ ಬಸಿರು ಐದನೇ ತಿಂಗಳಿಗೇ ಹೋಗಿತ್ತು. ಹಾಗಾಗಿ ಈ ಕೂಸು ಹುಟ್ಟಿದ ಮರುದಿನ, ಆಸ್ಪತ್ರೆಯಲ್ಲಿ ಸುಮಾ ನಿದ್ದೆಯಲ್ಲಿದ್ದಾಗ, ನಾನೂ ಜೈತೂನಬಿಯೂ ಹಿಂದಿನವರು ಮಾಡುತ್ತಿದ್ದ ಒಂದು ವ್ಯವಹಾರ ಮಾಡಿದೆವು. ಅವಳು ತನ್ನ ಆಡಿನ ಮೇವಿನಿಂದ ಒಂದು ಹಿಡಿ ತೌಡನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದಳು. ತೌಡು ತೆಗೆದುಕೊಂಡು ಅವಳಿಗೆ ಕೂಸು ಕೊಟ್ಟೆ. ಆಮೇಲೆ ಅದೇ ತೌಡು ಕೊಟ್ಟು ಕೂಸನ್ನು ವಾಪಸು ಕೊಂಡೆ. ದೃಷ್ಟಿಯಾಗಲಿ ಯಮನಾಗಲಿ ಹುಡುಕಿಕೊಂಡು ಬಂದರೆ, ಇದು ತೌಡಿಗೆ ಮಾರಿದ ಕೂಸು, ಇದಕ್ಕೇನು ಬೆಲೆ ಎಂದು ಹಿಂದಿರುಗಲಿ ಎಂಬ ಉಪಾಯ. ಅಂಥ ಕೂಸನ್ನು ಕೆಲವು ದಿನ ತೌಡವ್ವ ಎಂದೇ ಕರೆಯಬೇಕು.

ಸರಿಯಾಗಿ ಆ ಹೊತ್ತಿಗೆ ರಜಿಸ್ಟರ್ ಹಿಡಿದ ನರ್ಸಮ್ಮ ಬಂದಳು. “ಕೂಸಿಗೆ ಹೆಸರು ಇಟ್ಟೀರೇನ್ರಿ? ಇಲ್ಲಾಂದ್ರ ಖಾಲಿ ಬಿಡ್ತೇನಿ, ಆಮ್ಯಾಲ ಬರಸ್ರಿ.”

ಖಾಲಿ ಬಿಟ್ಟ ಜಾಗದಲ್ಲಿ ಏನು ಬಂದು ಕೂರುತ್ತದೋ ಎಂದು ಹೆದರಿ, “ತೌಡವ್ವ” ಎಂದೆ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಸಾನ್ವಿ ಎಂದು ಹೆಸರಿಟ್ಟೆವು. ಅಷ್ಟು ಹೊತ್ತಿಗೆ ನಾನು ನರ್ಸಮ್ಮನನ್ನು ಪೂರ್ತಿ ಮರೆತಿದ್ದೆ. ಯಮನಿಗೆಂದು ಹೇಳಿದ ಸುಳ್ಳನ್ನು ಸರಕಾರಕ್ಕೂ ಹೇಳಿಬಿಟ್ಟಿದ್ದೆ. ಯಮ ನಂಬಿದನೋ ಇಲ್ಲವೋ ತಿಳಿಯದು. ಸರಕಾರ ನಂಬಿತು.

“ಇದನ್ನ ತಿದ್ದಾಕ ಬರತೈತೇನ್ರಿ?” ಎಂದು ಪಿಸುದನಿಯಲ್ಲಿ ಕೇಳಿದೆ.

“ಮದಲ ಪ್ರಮಾಣಪತ್ರ ತಿದ್ದಸ್ಬೇಕು. ಅದಕ್ಕ ಅಫಿಡವಿಟ್ ಬೇಕು. ಆಮ್ಯಾಲ ಹೊಸಾ ಸರದಿ ನಂಬರ್ ತಗೊಂಡು ಬರ್ಬೇಕು.”

ಮುಂದಿನ ಗುರುವಾರವೇ ಚಿಕ್ಕೇರೂರಿನ ಪಯಣ. ಹಿಂದೆ ನಿಂತಿದ್ದ ಒಬ್ಬ ಹಿರಿಯರು, “ಏನವಾ, ಮಮ್ಮಗಳ ಹೆಸರು ನೆನಪಾಗವಲ್ದೇನು?” ಎಂದರು. ಸರದಿಯೆಲ್ಲ ನಕ್ಕಿತು. ತೌಡಿನ ಕಥೆಯನ್ನು ಅಷ್ಟು ಮಂದಿಗೆ ಹೇಳುವ ಧೈರ್ಯ ನನಗಿರಲಿಲ್ಲ.

“ಬರೋಬ್ಬರಿ ಐತ್ರಿ,” ಎಂದೆ.

ಗೃಹಸ್ಥರು ಗುಂಡಿ ಒತ್ತಿದರು.

ಹೊರಗೆ ಸುಮಾ, “ಎಲ್ಲಾ ಆತೇನ್ ಅವ್ವಾ?” ಎಂದಳು. “ಬರೋಬ್ಬರಿ ಆತು,” ಎಂದೆ. ಜೈತೂನಬಿಗೆ ಕೆಮ್ಮು ಬಂತು. ಅದು ಮನೆಯ ತನಕ ನಿಲ್ಲಲಿಲ್ಲ. ಮನೆಯಲ್ಲಿ ಬೇಳೆ ಉಬ್ಬಿ ಪಾತ್ರೆಯ ಕಂಠಕ್ಕೆ ಬಂದಿತ್ತು. ನಮ್ಮ ಮನೆಯವರು ಅದನ್ನು ನೋಡುತ್ತ ಕುಳಿತಿದ್ದರು.

“ಹೆಸರು ಬಂದೈತಿ ಅಂದ್ರಿ. ಏನ್ ಹೆಸರಂತ ಯಾಕ ಹೇಳಲಿಲ್ಲ?” ಎಂದು ಅಡುಗೆಮನೆಗೆ ಕರೆದು ಕೇಳಿದೆ.

“ನೀ ಕೇಳಲಿಲ್ಲ. ನಿಮ್ಮ ಹೆಂಗಸರ ಮಂದಿ ಏನರ ಶಾಸ್ತ್ರ ಇರಬೇಕಂತ ಸುಮ್ಮನಾದೆ,” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಅದೇ ಹೆಚ್ಚು ಸಿಟ್ಟು ತರಿಸಿತು.

ಹತ್ತು ದಿನ ಸುಮಾಳಿಗೆ ಹೇಳಬೇಕೆಂದು ದಿನಾ ಎದ್ದೆ. ದಿನಾ ಬೇರೊಂದು ಕೆಲಸ ಬಂತು. ಕಾರ್ಡು ಇನ್ನೂ ಬರದಿದ್ದದ್ದೇ ಸಮಾಧಾನ. ಚಿಕ್ಕೇರೂರಿಗೆ ಹೋಗಿ, ‘ಅರ್ಜಿ ಹಾಕೇವ್ರಿ, ಬರತೈತಿ’ ಎಂದು ಹೇಳಿ, ನಮ್ಮೂರಿನ ಹೆಸರಾಂತ ಕುರುಕಲು ತಿಂಡಿ ಸವಣೂರು ಖಾರ ಎರಡು ಕಿಲೋ ಅವರ ಕೈಯಲ್ಲಿಟ್ಟು ಬಂದುಬಿಡುವುದೆಂದು ಯೋಜನೆ ಹಾಕಿದೆ.

ಗುರುವಾರ ಬಸ್ಸಿನಲ್ಲಿ ಕಂಡಕ್ಟರು ನಮ್ಮಿಬ್ಬರ ಕಾರ್ಡು ನೋಡಿ ಪುಕ್ಕಟೆ ಟಿಕೀಟು ಹರಿದರು. “ಕೂಸಿನ ಕಾರ್ಡ್ ಆಗೈತೇನವಾ?” ಎಂದು ನಗೆಯಾಡಿದರು.

“ಹಾಕೇವ್ರಿ,” ಎಂದಳು ಸುಮಾ.

“ಹೆಸರೇನು?”

“ಸಾನ್ವಿ.”

ನಾನು ಕಿಟಕಿಯಿಂದ ಹೊರಗೆ ಮೆಕ್ಕೆಜೋಳ ನೋಡಿದೆ. ಬೆಳೆ ಚೆನ್ನಾಗಿತ್ತು.

ತ್ರಿವೇಣಕ್ಕ ಬಾಗಿಲಲ್ಲಿ ಆರತಿ ಎತ್ತಿದಳು, ಕೂಸನ್ನು ಎತ್ತಿಕೊಂಡಳು. ನಾನು ಖಾರದ ಪೊಟ್ಟಣ ಮುಂದೆ ಹಿಡಿದು, “ಕಾರ್ಡಿನ ಅರ್ಜಿ...” ಎಂದು ಶುರು ಮಾಡಿದೆ.

“ಬಂದೈತಲ್ರಿ,” ಎಂದಳಾಕೆ.

ಕೇಂದ್ರದಲ್ಲಿ ಮೊಬೈಲ್ ನಂಬರು ಕೇಳಿದಾಗ ನನ್ನದು ನೆನಪಾಗದೆ, ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ಅಳಿಯನದನ್ನು ಕೊಟ್ಟು ಬಂದಿದ್ದೆ. ಅದಕ್ಕೆ ಮೊನ್ನೆಯೇ ಸಂದೇಶ ಬಂದಿತ್ತು. ಅಳಿಯ ಕಾರ್ಡು ಇಳಿಸಿ, ಅಚ್ಚು ಹಾಕಿಸಿ, ತನ್ನ ಅವ್ವನ ಕೈಗೆ ಕೊಟ್ಟಿದ್ದ; ನಾವು ಬರುವ ತನಕ ಫೋನಿನಲ್ಲಿ ಏನೂ ಕೇಳಬೇಡವೆಂದು ಆಕೆ ಅವನನ್ನು ತಡೆದಿದ್ದಳು. ತ್ರಿವೇಣಕ್ಕ ಹೊಸ ಫೈಲು ತಂದಳು. ‘ಕೂಸು’ ಎಂದು ಚೀಟಿ ಹಚ್ಚಿತ್ತು. ಸುಮಾ ಅದನ್ನು ಬಿಚ್ಚಿ ಓದಿದಳು.

“ಅವ್ವಾ, ಈ ತೌಡವ್ವ ಯಾರು?”

ನಿಂತ ಕಾಲಲ್ಲೇ ಎಲ್ಲ ಹೇಳಿದೆ. ಆಸ್ಪತ್ರೆ, ತೌಡು, ನರ್ಸಮ್ಮ, ಸರದಿಯ ನಗೆ. ಸುಮಾ ನನ್ನ ಮುಖ ನೋಡಲಿಲ್ಲ. ತ್ರಿವೇಣಕ್ಕ ವಿಚಾರಣೆ ಶುರು ಮಾಡಿದಳು.

“ಯಾರು ಕೊಂಡ್ರು?”

“ಬಾಜೂ ಮನಿ ಜೈತೂನಬಿ.”

“ಎಷ್ಟು ತೌಡು?”

“ಒಂದ ಹಿಡಿ.”

“ನಮ್ಮ ವಂಶದ ಕೂಸಿಗೆ ಬರೇ ಒಂದ ಹಿಡಿ?”

ಖಾರದ ಪೊಟ್ಟಣವನ್ನು ಇನ್ನಷ್ಟು ಮುಂದೆ ಹಿಡಿದೆ. ಆಕೆ ಒಳಗೆ ಹೋಗಿ ಕಪಾಟಿನ ತಳದಿಂದ ಇನ್ನೊಂದು ಫೈಲು ತಂದಳು. ಅದಕ್ಕೆ ಚೀಟಿಯೇ ಇರಲಿಲ್ಲ. ಒಳಗಿದ್ದದ್ದು ಆಕೆಯದೇ ಕಾರ್ಡು. ಫೋಟೋ ತ್ರಿವೇಣಕ್ಕನದು. ಹೆಸರು ತಿಪ್ಪವ್ವ.

“ನನಗಿಂತ ಮದಲ ಹುಟ್ಟಿದ ಮೂರೂ ಉಳೀಲಿಲ್ಲರಿ. ನಮ್ಮವ್ವ ನನ್ನ ತಿಪ್ಪಿ ಮ್ಯಾಲ ಒಂದ್ ಗಳಿಗಿ ಮಲಗಿಸಿ ತಂದಿದ್ಲು. ತ್ರಿವೇಣಿ ಅನ್ನೂದು ಲಗ್ನದಾಗ ಇಟ್ಟ ಹೆಸರು. ಅದಕ್ಕ ನಾ ಈ ಫೈಲ್‌ಗೋಳು ಯಾರ ಕೈಗೂ ಕೊಡೂದಿಲ್ಲ.”

ಅಷ್ಟು ಹೇಳಿ ಕೂಸನ್ನು ಎದೆಗೆ ಒತ್ತಿಕೊಂಡು, “ಹೌದಿಲ್ಲೋ ತೌಡವ್ವಾ?” ಎಂದಳು. ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು. ಮೂರು ತಿಂಗಳು ಸಾನ್ವಿ, ಸಾನ್ವಿ ಎಂದು ಕರೆದರೂ ಅದು ಹೀಗೆ ನಕ್ಕಿರಲಿಲ್ಲ.

“ನನ್ನ ಕೂಸಿನ ಹೆಸರು ಸಾನ್ವಿ,” ಎಂದಳು ಸುಮಾ. ಧ್ವನಿ ಒದ್ದೆಯಾಗಿತ್ತು. ಆದರೆ ತುಟಿಯ ಕೊನೆಯಲ್ಲಿ ನಗೆಯೂ ಇತ್ತು.

“ಹೌದವಾ, ಸಾನ್ವೀನ. ಸಾಲಿಗೆ ಹೆಸರು ಹಚ್ಚೂದರೊಳಗ ತಿದ್ದಸೋಣು. ಆದ್ರ ಆ ಕೆಲಸಕ್ಕ ನಿಮ್ಮವ್ವನ್ನ ಕಳಸೂದು ಬ್ಯಾಡ,” ಎಂದಳು ತ್ರಿವೇಣಕ್ಕ.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ, ಮೇಲೆ ಗೋದಿ ಹುಗ್ಗಿ. ನಾನು ತಂದ ಖಾರವನ್ನು ತ್ರಿವೇಣಕ್ಕ ಮೊಸರನ್ನಕ್ಕೆ ಉದುರಿಸಿಕೊಂಡು ಎರಡು ಸಲ ತಿಂದಳು. ಆಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದರು. ಮೊದಲು ನಿದ್ದೆ ಹೋದದ್ದು ಕೂಸಲ್ಲ, ನಾನು. ಹತ್ತು ದಿನದ ಬಾಕಿ ನಿದ್ದೆ. ತಲೆದಿಂಬು ಎತ್ತರವಾಯಿತೇನೋ ಎಂದು ತ್ರಿವೇಣಕ್ಕ ಕೇಳಿದರೆ, ನಿದ್ದೆಗಣ್ಣಲ್ಲೇ “ಬರೋಬ್ಬರಿ ಐತ್ರಿ” ಎಂದೆನಂತೆ.