ಮೂಗಿನಿಂದ ಬಂದು ಹೊಟ್ಟೆಯ ಹೆಪ್ಪು ಕೆಡಿಸಿದ ಫ್ಲೂ ವೈರಸ್ಸಿಗೆ

ಸುಸಾಮಿರ್ ಕಣಿವೆಯ ಮೇಲಿನ ಹುಲ್ಲುಗಾವಲು, ಜೂನ್.

ಮಾನ್ಯರೇ,

ಫ್ಲೂ ವೈರಸ್ಸಿನವರ ದಿವ್ಯ ಸನ್ನಿಧಾನಕ್ಕೆ, ನಲವತ್ತು ಬೇಸಿಗೆ ಕುದುರೆ ಹಾಲು ಹುಳಿಬರಿಸಿ ಕುಮಿಸ್ ಮಾಡಿದ ಸೈರಕನ್ ಎಂಬ ಮುದುಕಿ ಎದೆಯ ಮೇಲೆ ಕೈಯಿಟ್ಟು ಸಲ್ಲಿಸುವ ವಂದನೆಗಳು. ತಾವೂ ತಮ್ಮ ಅಸಂಖ್ಯ ಮಕ್ಕಳುಮರಿಯೂ ಕ್ಷೇಮವೆಂಬುದಕ್ಕೆ ನನ್ನ ಮೂಗೇ ಸಾಕ್ಷಿ.

ಈಚೆಗೆ ತಾವು ಕರೆಯದೆ ಬಂದು ಐದು ದಿನ ನನ್ನ ಎದೆಯಲ್ಲಿ ಬಿಡಾರ ಹೂಡಿದಿರಿ. ಜ್ವರ, ಕೆಮ್ಮಿಗೆ ನನ್ನ ತಕರಾರಿಲ್ಲ, ಅದು ತಮ್ಮ ಕುಲಕಸುಬು. ಮೂಗಿನಿಂದ ಬಂದವರಿಗೆ ನನ್ನ ಹೊಟ್ಟೆಯ ಉಸಾಬರಿ ಏಕೆ ಬೇಕಿತ್ತು ಎಂಬುದಷ್ಟೇ ನನ್ನ ವಿನಯದ ಪ್ರಶ್ನೆ.

ನನ್ನ ನಾದಿನಿ ಬುರುಲ್ಚಾ ಒಂದು ಹೆಣ್ಣುಕುದುರೆಯ ದೆಸೆಯಿಂದ ಮೂರು ವರ್ಷ ನನ್ನೊಡನೆ ಮಾತು ಬಿಟ್ಟಿದ್ದಳು. ಆರನೆಯ ದಿನ ಅವಳೇ ತನ್ನ ಗುಡಾರಕ್ಕೆ ಕರೆಸಿ, ಈ ವರ್ಷದ ಮೊದಲ ಕುಮಿಸ್‌ನ ಮೊದಲ ಬಟ್ಟಲನ್ನು ನನ್ನ ಕೈಗಿತ್ತಳು. ನಮ್ಮ ವಾಡಿಕೆಯಂತೆ ಹಿರಿಯಳು ಅದನ್ನು ಬರಿದುಮಾಡಿ ಹರಸಬೇಕು. ಹರಸಿದ್ದರೆ ಮುನಿಸು ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೆಮ್ಮುತ್ತಲೇ ಅವಳನ್ನು ತಬ್ಬಿ, ಕೆನ್ನೆಗೆ ಕೆನ್ನೆ ಒತ್ತಿ, ಎರಡು ಗುಟುಕು ಕುಡಿದೆನೋ ಇಲ್ಲವೋ, ಹೊಟ್ಟೆ ಗುಡುಗಿತು. ಬಟ್ಟಲು ಕೆಳಗಿಟ್ಟು ಬಂಡೆಯ ಮರೆಗೆ ಓಡಿದೆ. "ನೋಡಿದ್ರಾ, ನನ್ನ ಕುಮಿಸ್ ಅತ್ತಿಗೆ ಗಂಟಲಲ್ಲಿ ಇಳಿಯಲ್ವಂತೆ" ಎಂದು ಅವಳು ನೆರೆದವರಿಗೆಲ್ಲ ಹೇಳಿದ್ದು ಅಲ್ಲಿಗೂ ಕೇಳಿಸಿತು. ನನಗೆ ತುಂಬ ಸಂಕಟವಾಯಿತು.

ಮರುದಿನ ಡಾಕ್ಟರ್ ಐಜಮಾಲ್ ತಮ್ಮ ಪರವಾಗಿ ವಕಾಲತ್ತು ವಹಿಸಿದರು. "ಅಜ್ಜಿ, ಅದು ನಿಮ್ಮ ಕರುಳಿಗೆ ಕಾಲೇ ಇಟ್ಟಿರಲಿಕ್ಕಿಲ್ಲ. ಅದನ್ನ ಓಡಿಸೋಕೆ ಮೈ ತನ್ನ ಸೈನ್ಯ ಎಬ್ಬಿಸುತ್ತಲ್ಲ, ಆ ಗದ್ದಲ ಕರುಳಿನವರೆಗೂ ಮುಟ್ಟುತ್ತೆ. ಅದರ ಮೇಲೆ ನೀವು ಸರಿಯಾಗಿ ಉಣ್ಣಲಿಲ್ಲ. ಅಲ್ಲಿರೋ ಒಳ್ಳೆ ಸೂಕ್ಷ್ಮಜೀವಿಗಳು ಸೊರಗಿದ್ವು, ಪುಂಡರು ಹೆಚ್ಚಿಕೊಂಡ್ರು. ಸೈನ್ಯಕ್ಕೆ ಬುದ್ಧಿ ಹೇಳೋದೂ ಆ ಒಳ್ಳೆಯವೇ. ಚೇತರಿಸಿಕೊಳ್ಳೋಕೆ ಕೆಲವು ವಾರ ಬಿಡಿ."

ನನಗೆ ಥಟ್ಟನೆ ಅರ್ಥವಾಯಿತು. ಹೋದ ವರ್ಷ ನನ್ನ ಹೊಸ ಸೊಸೆ, ಕುಮಿಸ್ ಹುದುಗಿಸುವ ಚರ್ಮದ ಚೀಲ ನಾರುತ್ತದೆಂದು ಬಿಸಿನೀರು ಸೋಪು ಹಾಕಿ ಉಜ್ಜಿದ್ದಳು. ವರ್ಷಗಟ್ಟಲೆಯ ಹೆಪ್ಪು ತೊಳೆದುಹೋಗಿ, ತಿಂಗಳಿಡೀ ಸುರಿದ ಹಾಲೆಲ್ಲ ಕೆಟ್ಟಿತು. ತಾವು ನನ್ನ ಹೊಟ್ಟೆಗೆ ಮಾಡಿದ್ದೂ ಅದನ್ನೇ. ಅವಳಾದರೂ ಕೂತು ಅತ್ತಳು.

ಆದರೂ ತಮ್ಮ ಕಾರ್ಯದಕ್ಷತೆಗೆ ತಲೆದೂಗಲೇಬೇಕು. ಎದೆಯಲ್ಲಿ ಕೂತು ಕರುಳಿನಲ್ಲಿ ಕೆಲಸ ಮಾಡಿಸುವ ತಮ್ಮನ್ನು ಕಂಡರೆ, ಎದುರಿಗೆ ನಿಂತು ಗೋಗರೆದರೂ ಕಡತ ಕದಲಿಸದ ನಮ್ಮ ಕಚೇರಿಯವರು ನಾಚಬೇಕು. ಆದ್ದರಿಂದ ತಾವು ದಯಮಾಡಿ, 'ಸೈರಕನ್ ಬಟ್ಟಲು ಕೆಳಗಿಟ್ಟದ್ದು ಹಗೆಯಿಂದಲ್ಲ, ನಮ್ಮಿಂದ' ಎಂದು ಮೊಹರು ಒತ್ತಿದ ಪ್ರಮಾಣಪತ್ರವೊಂದನ್ನು ಬುರುಲ್ಚಾಳ ಗುಡಾರದ ಮುಂದೆ ಖುದ್ದಾಗಿ, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಅವಳನ್ನು ಮುಟ್ಟದೆ ಹಿಂತಿರುಗಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನೂ ಅನ್ನದ ಗಂಜಿಯಲ್ಲೇ ಇರುವ,
ತಮ್ಮ ವಿಶ್ವಾಸಿ,
ಸೈರಕನ್

ತಾಜಾ ಕಲಂ: ಪತ್ರ ಮಡಚುವಷ್ಟರಲ್ಲಿ ಬುರುಲ್ಚಾಳ ಮಗಳು ಬಂದಳು. ತಾವು ಪ್ರಮಾಣಪತ್ರವಿಲ್ಲದೆಯೇ ಅಲ್ಲಿಗೆ ಹೋಗಿದ್ದೀರಂತೆ. ದಾರಿ ತೋರಿಸಿದ್ದು ನನ್ನ ಕೆನ್ನೆಯೇ ಇರಬೇಕು. "ಅಮ್ಮ ಹೇಳಿ ಕಳಿಸಿದಾಳೆ, ತನ್ನ ಕುಮಿಸ್ ತನ್ನ ಹೊಟ್ಟೆಗೇ ಸೇರ್ತಿಲ್ಲವಂತೆ. ಅತ್ತಿಗೆ ಏನು ಉಣ್ತಿದಾಳೋ ಅದನ್ನೇ ಒಂದು ಬಟ್ಟಲು ತರಬೇಕಂತೆ." ಗಂಜಿ ಹೊತ್ತು ಹೊರಟಿದ್ದೇನೆ. ತಾವೂ ಬೇಗ ಹೊರಡಿ. ಹೋಗುವಾಗ ನಮ್ಮಿಬ್ಬರ ಹೆಪ್ಪು ಇಲ್ಲೇ ಬಿಟ್ಟು, ಮೂರು ವರ್ಷದ ಮುನಿಸನ್ನು ಮಾತ್ರ ಕಟ್ಟಿಕೊಂಡು ಹೋಗಿ.